ಹಳೆಯ ಊರಿನ ನಡುಚೌಕದಲ್ಲಿ ಒಂದು ವಾರಾಂತ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಪಟ್ಟಣಗಳ ನಡುಚೌಕಗಳನ್ನು ಹುಡುಕಿಕೊಂಡು ಹೋಗಿ ಎರಡೆರಡು ದಿನ ಇದ್ದು ಬರುವುದು ನನಗೆ ಹಲವು ವರ್ಷಗಳಿಂದ ಹತ್ತಿದ ಗೀಳು. ಹೋಗಬೇಕೆಂದಿರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಪ್ರತಿ ಸಲ ಬಾಯಲ್ಲಿ ಹೇಳುವಾಗ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದೆಡೆ ಬರೆದಿಟ್ಟಿದ್ದೇನೆ.

ಚೌಕ ಅಂದರೆ ಇಲ್ಲಿ ಯಾವುದನ್ನು ಹೇಳುತ್ತಿದ್ದೀರಿ? ನಾಲ್ಕು ರಸ್ತೆ ಕೂಡುವ ಸರ್ಕಲ್ಲೇ?

ಅದಲ್ಲ. ಊರು ಹುಟ್ಟಿದಾಗಲೇ ಅಥವಾ ಬೆಳೆಯುವಾಗ ಜನ ಸೇರಲೆಂದು ಬಿಟ್ಟ ಬಯಲು ಅದು. ಸಂತೆ ಕೂಡಿದ್ದು, ಆಳುವವರ ಆಜ್ಞೆ ಓದಿ ಹೇಳಿದ್ದು, ನ್ಯಾಯ ತೀರ್ಮಾನ ಆಗಿದ್ದು, ಮೆರವಣಿಗೆ ಬಂದು ನಿಂತದ್ದು ಎಲ್ಲ ಅಲ್ಲೇ. ಸುತ್ತಲೂ ಕಟ್ಟಡಗಳು ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ. ಹೆಸರು ಚೌಕವಾದರೂ ಆಕಾರ ಚೌಕವೇ ಆಗಿರಬೇಕಿಲ್ಲ. ಇಟಲಿಯ ಸಿಯೆನಾದ ಪಿಯಾಝಾ ಡೆಲ್ ಕಾಂಪೊ ಬಿಡಿಸಿಟ್ಟ ಚಿಪ್ಪಿನ ಹಾಗಿದೆ. ಇರಾನಿನ ಇಸ್ಫಹಾನದ ನಕ್ಷ್-ಎ-ಜಹಾನ್ ಸುಮಾರು 560 ಮೀಟರ್ ಉದ್ದ, 160 ಮೀಟರ್ ಅಗಲದ ಮೈದಾನ. ಅದರ ಎರಡು ತುದಿಗಳಲ್ಲಿ ಪೋಲೊ ಆಟದ ಕಲ್ಲಿನ ಗೋಲ್‌ಕಂಬಗಳು ಇವತ್ತಿಗೂ ನಿಂತಿವೆ. ಅಮೆರಿಕದ ಅನೇಕ ಸಣ್ಣ ಪಟ್ಟಣಗಳಲ್ಲಿ ನಡುವೆ ನ್ಯಾಯಾಲಯದ ಕಟ್ಟಡ, ಅದರ ಸುತ್ತ ಹುಲ್ಲು ಮತ್ತು ಮರಗಳು, ನಾಲ್ಕೂ ಕಡೆ ಅಂಗಡಿಸಾಲು. ಇವೆಲ್ಲಕ್ಕೂ ಇಲ್ಲಿ ಹೇಳುವ ಮಾತು ಹೊಂದುತ್ತದೆ.

ಒಂದು ಚೌಕಕ್ಕೆ ಎರಡು ದಿನ ಯಾಕೆ? ಒಂದು ಗಂಟೆಯಲ್ಲಿ ನೋಡಿ ಮುಗಿಯುತ್ತದಲ್ಲ?

ಸುತ್ತು ಹಾಕುವುದಷ್ಟೇ ಆದರೆ ಒಂದು ಗಂಟೆಯೂ ಬೇಡ. ಬ್ರಸೆಲ್ಸ್‌ನ ಗ್ರಾಂಡ್ ಪ್ಲಾಸ್ ಸುಮಾರು 110 ಮೀಟರ್ ಉದ್ದ, 68 ಮೀಟರ್ ಅಗಲ. ನಿಧಾನವಾಗಿ ನಡೆದರೂ ಐದಾರು ನಿಮಿಷಕ್ಕೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತೀರಿ. ಪ್ರವಾಸಿ ಬಸ್ಸುಗಳಲ್ಲಿ ಬಂದವರು ಮಾಡುವುದೂ ಇಷ್ಟೇ: ಇಳಿದು, ಫೋಟೊ ತೆಗೆದು, ಮತ್ತೆ ಬಸ್ಸು ಹತ್ತುವುದು.

ಆದರೆ ಚೌಕ ದಿನವಿಡೀ ಒಂದೇ ಥರ ಇರುವುದಿಲ್ಲ. ಬೆಳಗಿನ ಜಾವ ಅದು ಕಸ ಗುಡಿಸುವವರದ್ದು, ಸಾಮಾನು ಇಳಿಸುವವರದ್ದು. ಹತ್ತು ಗಂಟೆಗೆ ಊರಿನವರದ್ದು, ಮಧ್ಯಾಹ್ನ ನಮ್ಮಂಥ ಹೊರಗಿನವರದ್ದು. ಸಂಜೆಯಾದರೆ ಮಕ್ಕಳು ಮತ್ತು ವಯಸ್ಸಾದವರು ಬರುತ್ತಾರೆ. ರಾತ್ರಿ ಹನ್ನೊಂದರ ಮೇಲೆ ಕಾಲ ಕೆಳಗಿನ ಕಲ್ಲಿಗೆ ಹೆಜ್ಜೆ ತಾಗುವ ಸದ್ದು ಕೂಡ ಕೇಳಿಸುತ್ತದೆ. ಬಿಸಿಲೂ ಹಾಗೆಯೇ. ಪಶ್ಚಿಮಕ್ಕೆ ಮುಖ ಮಾಡಿದ ಕಟ್ಟಡಸಾಲು ಬೆಳಿಗ್ಗೆ ಮಂಕಾಗಿ ಕಂಡರೆ ನಾಲ್ಕು ಗಂಟೆಯ ಮೇಲೆ ಅದರ ಒಂದೊಂದು ಕೆತ್ತನೆಯೂ ನೆರಳು ಚೆಲ್ಲಿ ಎದ್ದು ಬರುತ್ತದೆ. ಒಂದೇ ಹೊತ್ತಿಗೆ ನೋಡಿ ಬಂದವರಿಗೆ ಇದರಲ್ಲಿ ಒಂದು ಪಾಲು ಮಾತ್ರ ಸಿಕ್ಕಿರುತ್ತದೆ.

ಆದ್ದರಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ಹೋದ ಮೊದಲ ದಿನವೇ ಕೂರುವುದಕ್ಕೆ ಒಂದು ಜಾಗ ಗೊತ್ತು ಮಾಡಿಕೊಳ್ಳಿ. ಕಾರಂಜಿಯ ಕಟ್ಟೆಯೋ, ಮೆಟ್ಟಿಲೋ, ಕಲ್ಲುಬೆಂಚೋ ಏನಾದರೂ ಸರಿ. ಎರಡು ದಿನದಲ್ಲಿ ನಾಲ್ಕೈದು ಸಲ, ಬೇರೆ ಬೇರೆ ಹೊತ್ತಿನಲ್ಲಿ ಅದೇ ಜಾಗಕ್ಕೆ ಬಂದು ಇಪ್ಪತ್ತು ನಿಮಿಷ ಕೂತುಕೊಳ್ಳಿ. ಉಳಿದದ್ದನ್ನೆಲ್ಲ ಇದರ ಸುತ್ತ ಹೊಂದಿಸಿಕೊಂಡರಾಯಿತು.

ಹಾಗಾದರೆ ಎರಡು ದಿನದ ಅಂದಾಜು ವೇಳಾಪಟ್ಟಿ ಹೇಗಿರಬೇಕು?

ಸಾಧ್ಯವಾದರೆ ಶುಕ್ರವಾರ ರಾತ್ರಿಯೇ ಹೋಗಿ ತಲುಪಿ. ಶನಿವಾರದ ಬೆಳಗು ಕೈತಪ್ಪಬಾರದು. ಅಂಗಡಿಗಳ ಷಟರ್ ಏಳುವ ಮೊದಲು ಒಂದು ಸುತ್ತು ಬನ್ನಿ, ಆಗ ಕಟ್ಟಡಗಳು ಯಾವ ಅಡ್ಡಿಯೂ ಇಲ್ಲದೆ ಕಾಣುತ್ತವೆ. ಹತ್ತರಿಂದ ಹನ್ನೆರಡು ಊರಿನ ಜೀವನ ನೋಡುವ ಹೊತ್ತು. ಬಿಸಿಲೇರಿದಾಗ ಒಳಗಿನ ಕೆಲಸ: ಪುರಭವನ, ವಸ್ತುಸಂಗ್ರಹಾಲಯ, ಆರಾಧನಾ ಸ್ಥಳ, ಹತ್ತಲು ಬಿಡುವ ಗೋಪುರವಿದ್ದರೆ ಅದು. ಸಂಜೆ ಮತ್ತೆ ನಿಮ್ಮ ಕಟ್ಟೆಗೆ.

ಭಾನುವಾರ ಚೌಕದ ಹಿಂದಿನ ಬೀದಿಗಳಿಗೆ ಬಿಡಿ. ಚೌಕಕ್ಕೆ ಮುಖ ತೋರಿಸುವ ಕಟ್ಟಡಗಳ ಬೆನ್ನು ಹೇಗಿದೆ, ಸಾಮಾನು ಯಾವ ಓಣಿಯಿಂದ ಬರುತ್ತಿತ್ತು, ಕುದುರೆ ಎಲ್ಲಿ ಕಟ್ಟುತ್ತಿದ್ದರು ಎಂಬುದೆಲ್ಲ ಅಲ್ಲಿ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಎಷ್ಟೋ ಪಟ್ಟಣಗಳಲ್ಲಿ ಭಾನುವಾರ ಅಂಗಡಿಗಳು ತೆರೆಯುವುದಿಲ್ಲ, ಅನೇಕ ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ. ಒಳಗೆ ಹೋಗಿ ನೋಡಲೇಬೇಕಾದದ್ದನ್ನು ಶನಿವಾರವೇ ಮುಗಿಸಿಬಿಡಿ.

ಹೋಗುವ ಮುಂಚೆ ಏನಾದರೂ ಓದಿಕೊಳ್ಳಬೇಕೇ?

ಇತಿಹಾಸದ ಪುಸ್ತಕಕ್ಕಿಂತ ಮೊದಲು ಊರಿನ ಹಳೆಯ ನಕ್ಷೆಯೊಂದನ್ನು ಹುಡುಕಿ. ಚೌಕ ಯಾಕೆ ಹೀಗಿದೆ ಎನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಅಮೆರಿಕದ ಪಟ್ಟಣವಾದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. 1867ರಲ್ಲಿ ಶುರುವಾದ ಸ್ಯಾನ್‌ಬಾರ್ನ್ ಕಂಪನಿ ಬೆಂಕಿ ವಿಮೆಗಾಗಿ ಸಾವಿರಾರು ಪಟ್ಟಣಗಳ ಕಟ್ಟಡ ಕಟ್ಟಡವನ್ನೂ ನಕ್ಷೆಗೆ ಇಳಿಸಿತ್ತು. ಇಟ್ಟಿಗೆಯ ಕಟ್ಟಡಕ್ಕೆ ಗುಲಾಬಿ, ಮರದ್ದಕ್ಕೆ ಹಳದಿ ಬಣ್ಣ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇವುಗಳಲ್ಲಿ ಬಹಳಷ್ಟನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿದೆ. ಹತ್ತು ಹದಿನೈದು ವರ್ಷದ ಅಂತರದ ಎರಡು ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಹಳದಿ ಕರಗಿ ಗುಲಾಬಿ ಹಬ್ಬುವುದು ಕಾಣುತ್ತದೆ. ಒಂದು ಬೆಂಕಿ ಅನಾಹುತ, ಅದರ ನಂತರದ ಇಟ್ಟಿಗೆ ಕೆಲಸ ಎರಡೂ ಆ ಬಣ್ಣ ಬದಲಾವಣೆಯಲ್ಲಿ ಇರಬಹುದು.

ಲ್ಯಾಟಿನ್ ಅಮೆರಿಕದ ಚೌಕಗಳಿಗೆ ಹೋಗುವವರು 1573ರ ಒಂದು ಆಜ್ಞೆಯನ್ನು ತಿಳಿದುಕೊಂಡು ಹೋದರೆ ನೋಟವೇ ಬದಲಾಗುತ್ತದೆ. ಸ್ಪೇನಿನ ದೊರೆ ಎರಡನೇ ಫಿಲಿಪ್ ಹೊಸ ಊರು ಕಟ್ಟುವುದು ಹೇಗೆಂದು ವಿವರವಾಗಿ ಬರೆಸಿದ್ದ. ಚೌಕದ ಉದ್ದ ಅಗಲದ ಒಂದೂವರೆ ಪಟ್ಟಾದರೂ ಇರಬೇಕು, ಕುದುರೆ ಓಡಿಸುವ ಉತ್ಸವಗಳಿಗೆ ಅದೇ ಅನುಕೂಲ. 200 ಅಡಿ ಅಗಲ 300 ಅಡಿ ಉದ್ದಕ್ಕಿಂತ ಚಿಕ್ಕದಾಗಬಾರದು. ಮೂಲೆಗಳು ನಾಲ್ಕು ದಿಕ್ಕಿನ ಗಾಳಿಗೆ ಮುಖ ಮಾಡಿರಬೇಕು, ಆಗ ಬೀದಿಗಳಿಗೆ ಗಾಳಿ ನೇರ ನುಗ್ಗುವುದಿಲ್ಲ. ಸುತ್ತಲೂ ವ್ಯಾಪಾರಿಗಳ ಅನುಕೂಲಕ್ಕೆ ಕಂಬಸಾಲಿನ ಮೊಗಸಾಲೆ ಇರಬೇಕು. ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಚೌಕದ ನಡುವೆ ನಿಂತು ಹೆಜ್ಜೆ ಎಣಿಸಿ, ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡಿ. ಆ ಆಜ್ಞೆಯನ್ನು ಊರಿನವರು ಎಷ್ಟು ಪಾಲಿಸಿದರು, ಎಲ್ಲಿ ಬಿಟ್ಟರು ಎನ್ನುವುದು ನಿಮಗೇ ತಿಳಿಯುತ್ತದೆ.

ನನಗೆ ವಾಸ್ತುಶಿಲ್ಪದ ಗಂಧಗಾಳಿ ಇಲ್ಲ. ಅಲ್ಲಿ ಏನನ್ನು ನೋಡಬೇಕು?

ಗಂಧಗಾಳಿ ಇಲ್ಲದಿದ್ದರೂ ಪರವಾಗಿಲ್ಲ. ಮೂರು ಕಡೆ ಕಣ್ಣು ಹಾಯಿಸಿ: ಮೇಲೆ, ಕೆಳಗೆ, ಮೂಲೆಗೆ.

ಮೇಲೆ ನೋಡಿ ಅನ್ನುವುದು ಯಾಕೆಂದರೆ ಕೆಳಮಹಡಿ ಪದೇ ಪದೇ ಬದಲಾಗಿರುತ್ತದೆ. ಪ್ರತಿ ಹೊಸ ಅಂಗಡಿಯೂ ಗಾಜು, ಬೋರ್ಡು, ಬಾಗಿಲು ಬದಲಿಸುತ್ತದೆ. ಮೇಲಿನ ಮಹಡಿಗಳನ್ನು ಯಾರೂ ಅಷ್ಟಾಗಿ ಮುಟ್ಟುವುದಿಲ್ಲ. ಬೋರ್ಡಿನ ಮೇಲಕ್ಕೆ ತಲೆ ಎತ್ತಿದರೆ ಕಟ್ಟಿಸಿದ ಇಸವಿ, ಕಟ್ಟಿಸಿದವರ ಹೆಸರಿನ ಮೊದಲಕ್ಷರ, ಕಿಟಕಿಯ ಕಮಾನು, ಮಾಸಿಹೋದ ಬಣ್ಣದ ಜಾಹೀರಾತು ಒಂದೊಂದಾಗಿ ಕಾಣಿಸುತ್ತವೆ. ಗೋಡೆಯಲ್ಲಿ ಕಬ್ಬಿಣದ ನಕ್ಷತ್ರವೋ ಬಿಲ್ಲೆಯೋ ಕಂಡರೆ ಅದು ಬರೀ ಅಲಂಕಾರ ಅಂದುಕೊಳ್ಳಬೇಡಿ. ಗೋಡೆ ಹೊರಕ್ಕೆ ಉಬ್ಬದಂತೆ ಒಳಗಿನಿಂದ ಸರಳು ಹಾಕಿ ಬಿಗಿದಿರುತ್ತಾರೆ, ಅದರ ತುದಿ ಅದು.

ಕೆಳಗೆ ನೋಡುವುದನ್ನು ನಾನು ಕಲಿತದ್ದು ತಡವಾಗಿ. ಒಂದು ಪಟ್ಟಣದ ಚೌಕದಲ್ಲಿ ಒಂದೇ ಕಾಲುದಾರಿಯ ಮೇಲೆ ಮೂರು ಸಲ ಓಡಾಡಿದ ಮೇಲೆ, ಶೂ ಲೇಸ್ ಕಟ್ಟಲು ಬಗ್ಗಿದಾಗ ಕಣ್ಣಿಗೆ ಬಿತ್ತು: ಕಬ್ಬಿಣದ ಚೌಕಟ್ಟಿನೊಳಗೆ ಸಾಲಾಗಿ ಕೂರಿಸಿದ ಸಣ್ಣ ಸಣ್ಣ ಗಾಜಿನ ಬಿಲ್ಲೆಗಳು, ತೆಳು ನೇರಳೆ ಬಣ್ಣ. ಕೆಲವು ಸೀಳಿದ್ದವು, ಎರಡು ಮೂರು ಬಿದ್ದುಹೋದ ಜಾಗಕ್ಕೆ ಸಿಮೆಂಟು ಮೆತ್ತಿದ್ದರು. ಅದು ನೆಲಮಾಳಿಗೆಗೆ ಬೆಳಕು ಇಳಿಸುವ ಗಾಜು. ವಿದ್ಯುತ್ ದೀಪ ಎಲ್ಲ ಕಡೆ ಬರುವ ಮುಂಚೆ ಕಾಲುದಾರಿಯ ಅಡಿಯಲ್ಲಿದ್ದ ಉಗ್ರಾಣಗಳಿಗೆ ಹಗಲು ತಲುಪುತ್ತಿದ್ದುದು ಹೀಗೆ. ಹಾಕಿದಾಗ ಅದು ನೇರಳೆ ಆಗಿರಲಿಲ್ಲ. ಗಾಜಿನ ಹಸಿರು ಛಾಯೆ ತೆಗೆಯಲು ಆಗ ಮ್ಯಾಂಗನೀಸ್ ಬೆರೆಸುತ್ತಿದ್ದರು, ಹತ್ತಾರು ವರ್ಷ ಬಿಸಿಲು ಕುಡಿದು ಅದೇ ನೇರಳೆಗೆ ತಿರುಗುತ್ತದೆ. ಅಷ್ಟು ಹೊತ್ತೂ ಜನ ನನ್ನನ್ನು ಬಳಸಿಕೊಂಡು ಹೋಗುತ್ತಿದ್ದರು, ನಾನು ಮಾತ್ರ ಮೊಣಕಾಲೂರಿ ಆ ಬಿಲ್ಲೆಗಳನ್ನು ಬೆರಳಿನಿಂದ ಒರೆಸುತ್ತ ಕೂತಿದ್ದೆ.

ನೆಲ ಇನ್ನೂ ಎಷ್ಟೋ ಹೇಳುತ್ತದೆ. ಸಿಯೆನಾದ ಚೌಕದ ಇಟ್ಟಿಗೆ ಹಾಸನ್ನು ಬಿಳಿಗಲ್ಲಿನ ಗೆರೆಗಳು ಒಂಬತ್ತು ಹೋಳು ಮಾಡಿವೆ. 1349ರಲ್ಲಿ ಆ ಹಾಸು ಮುಗಿದಾಗ ಊರನ್ನು ಆಳುತ್ತಿದ್ದುದು ಒಂಬತ್ತು ಜನರ ಮಂಡಳಿ. ಇಡೀ ನೆಲ ಪುರಭವನದ ಕಡೆಗೆ ಇಳಿಜಾರಾಗಿರುವುದರಿಂದ ಮಳೆನೀರೂ ಅತ್ತಲೇ ಹರಿಯುತ್ತದೆ, ಕೂತವರ ನೋಟವೂ ಅತ್ತಲೇ. ಪ್ರಾಗ್‌ನ ಹಳೆಪಟ್ಟಣದ ಚೌಕದಲ್ಲಿ ಪುರಭವನದ ಪಕ್ಕ ಹಾಸುಗಲ್ಲುಗಳ ನಡುವೆ 27 ಬಿಳಿ ಶಿಲುಬೆಗಳಿವೆ. 1621ರ ಜೂನ್ 21ರಂದು ಅಲ್ಲಿ ದೊರೆಯ ವಿರುದ್ಧ ಎದ್ದ 27 ಮುಂದಾಳುಗಳ ಜೀವ ತೆಗೆದರು. ಅದು ಗೊತ್ತಾದ ಮೇಲೆ ಅದರ ಮೇಲೆ ಕಾಲಿಡಲು ಮನಸ್ಸು ಬರುವುದಿಲ್ಲ.

ಇನ್ನು ಮೂಲೆ. ಚೌಕದೊಳಗೆ ಬೀದಿಗಳು ಎಲ್ಲಿಂದ ಬಂದು ಸೇರುತ್ತವೆ ನೋಡಿ. ಮೂಲೆಗಳು ಮುಚ್ಚಿದ್ದರೆ ಒಳಗೆ ನಿಂತವರಿಗೆ ಮನೆಯ ಅಂಗಳದಲ್ಲಿ ನಿಂತಂತೆ ಅನ್ನಿಸುತ್ತದೆ, ತೆರೆದಿದ್ದರೆ ನೋಟ ಸೋರಿಹೋಗುತ್ತದೆ. ಮ್ಯಾಡ್ರಿಡ್‌ನ ಪ್ಲಾಝಾ ಮಯೋರ್ ಇದಕ್ಕೆ ಒಳ್ಳೆಯ ಪಾಠ. ಅದು 1631, 1672 ಮತ್ತು 1790ರಲ್ಲಿ ಮೂರು ಸಲ ಬೆಂಕಿಗೆ ಸಿಕ್ಕಿತು. ಮೂರನೆಯ ಸಲ ಹುವಾನ್ ಡಿ ವಿಲ್ಲನುಯೆವಾ ಎಂಬ ವಾಸ್ತುಶಿಲ್ಪಿ ಕಟ್ಟಡಗಳ ಎತ್ತರವನ್ನು ಐದರಿಂದ ಮೂರು ಮಹಡಿಗೆ ಇಳಿಸಿ, ಮೂಲೆಗಳನ್ನು ಮುಚ್ಚಿ, ಬೀದಿಗಳನ್ನು ದೊಡ್ಡ ಕಮಾನುಗಳ ಅಡಿಯಿಂದ ಒಳಗೆ ಬಿಟ್ಟ. ಇಸ್ಫಹಾನದಲ್ಲಿ ಇದಕ್ಕಿಂತ ಸೂಕ್ಷ್ಮ ಕೆಲಸವಿದೆ. ದಕ್ಷಿಣದ ದೊಡ್ಡ ಮಸೀದಿಯ ಹೆಬ್ಬಾಗಿಲು ಚೌಕಕ್ಕೆ ಸರಿಯಾಗಿ ನಿಂತಿದೆ, ಆದರೆ ಮಸೀದಿ ಮೆಕ್ಕಾದ ದಿಕ್ಕಿಗೆ ಇರಬೇಕು. ಹಾಗಾಗಿ ಬಾಗಿಲು ದಾಟಿದ ಕೂಡಲೇ ಕಟ್ಟಡ ಓರೆಯಾಗಿ ತಿರುಗುತ್ತದೆ. ಚೌಕದಲ್ಲಿ ನಿಂತು ನೋಡಿದರೆ ಹೆಬ್ಬಾಗಿಲು ಒಂದು ಕಡೆ, ಗುಮ್ಮಟ ಪಕ್ಕಕ್ಕೆ ಸರಿದು ಇನ್ನೊಂದು ಕಡೆ.

ಇಲ್ಲಿ ಕಾಣುವುದೆಲ್ಲ ನಿಜಕ್ಕೂ ಹಳೆಯದೇ?

ಎಷ್ಟೋ ಸಲ ಅಲ್ಲ, ಅದನ್ನು ಕೇಳಿ ನಿರಾಸೆಪಡಬೇಡಿ. ಬ್ರಸೆಲ್ಸ್‌ನ ಗ್ರಾಂಡ್ ಪ್ಲಾಸನ್ನು 1695ರಲ್ಲಿ ಫ್ರೆಂಚ್ ಸೇನೆಯ ಫಿರಂಗಿಗಳು ಸುಟ್ಟು ಹಾಕಿದವು. ಇವತ್ತು ನಾವು ನೋಡುವ ಕುಶಲಕರ್ಮಿ ಸಂಘಗಳ ಮನೆಗಳು ಬಹುಪಾಲು ಅದರ ನಂತರದ ಕೆಲವೇ ವರ್ಷಗಳಲ್ಲಿ ಎದ್ದವು. ವೆನಿಸ್‌ನ ಸೇಂಟ್ ಮಾರ್ಕ್ ಚೌಕದ ಗಂಟೆಗೋಪುರ 1902ರ ಜುಲೈ 14ರಂದು ಕುಸಿದು ಇಟ್ಟಿಗೆ ಗುಡ್ಡೆಯಾಯಿತು. ಹತ್ತು ವರ್ಷದಲ್ಲಿ ಅದೇ ಜಾಗದಲ್ಲಿ ಅದೇ ರೂಪದಲ್ಲಿ ಮತ್ತೆ ಕಟ್ಟಿದರು. ವಾರ್ಸಾದ ಕಥೆ ಕೇಳಿದರೆ ಗಂಟಲು ಕಟ್ಟುತ್ತದೆ. 1944ರಲ್ಲಿ ನಾಜಿಗಳು ಹಳೆಯ ಪಟ್ಟಣವನ್ನು ನೆಲಸಮ ಮಾಡಿದರು. ಯುದ್ಧ ಮುಗಿದ ಮೇಲೆ ಊರಿನವರು 18ನೇ ಶತಮಾನದ ಚಿತ್ರಕಾರ ಬೆಲ್ಲೊಟ್ಟೊ ಬಿಡಿಸಿದ್ದ ಚಿತ್ರಗಳನ್ನೂ ವಾಸ್ತುಶಿಲ್ಪ ವಿದ್ಯಾರ್ಥಿಗಳು ಮಾಡಿಟ್ಟಿದ್ದ ಅಳತೆ ನಕ್ಷೆಗಳನ್ನೂ ಮುಂದಿಟ್ಟುಕೊಂಡು ಮನೆ ಮನೆಯಾಗಿ ಮತ್ತೆ ಎಬ್ಬಿಸಿದರು. 1980ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಆ ಪುನರ್ನಿರ್ಮಾಣವನ್ನೇ ಮೆಚ್ಚಿ. ನೇಪಾಳದ ಭಕ್ತಪುರ, ಪಾಟನ್, ಕಠ್ಮಂಡು ದರ್ಬಾರ್ ಚೌಕಗಳಲ್ಲಿ 2015ರ ಏಪ್ರಿಲ್ 25ರ ಭೂಕಂಪಕ್ಕೆ ಬಿದ್ದ ದೇಗುಲಗಳನ್ನು ಬಡಗಿಗಳು, ಕಲ್ಲುಕುಟಿಗರು ಹಳೆಯ ಮರದ ತುಂಡುಗಳನ್ನೇ ಆರಿಸಿ ಜೋಡಿಸಿ ನಿಲ್ಲಿಸಿದ್ದಾರೆ.

ನನ್ನ ಮಟ್ಟಿಗೆ ಹೇಳುವುದಾದರೆ, ಒಂದು ಊರು ಕಳೆದುಕೊಂಡದ್ದನ್ನು ಮತ್ತೆ ಕಟ್ಟಿಕೊಂಡ ಕಡೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಹೊಸ ಕಲ್ಲು ಎಲ್ಲಿ ಮುಗಿದು ಹಳೆಯ ಕಲ್ಲು ಎಲ್ಲಿ ಶುರುವಾಗುತ್ತದೆ ಎಂದು ಬಣ್ಣದಲ್ಲಿ ಹುಡುಕುವುದೇ ಒಂದು ಕೆಲಸ.

ಚೌಕದ ಅಡಿಯಲ್ಲೂ ಏನಾದರೂ ಇರುತ್ತದೆಯೇ?

ಇರುತ್ತದೆ. ಜನ ಸಾವಿರ ವರ್ಷ ತುಳಿದ ನೆಲ ಏರುತ್ತಾ ಹೋಗುತ್ತದೆ. ಮೆಕ್ಸಿಕೊ ನಗರದ ಸೊಕಾಲೊ ಚೌಕದ ಪಕ್ಕದಲ್ಲಿ 1978ರ ಫೆಬ್ರವರಿಯಲ್ಲಿ ವಿದ್ಯುತ್ ಕೇಬಲ್‌ಗಾಗಿ ನೆಲ ಅಗೆಯುತ್ತಿದ್ದ ಕಾರ್ಮಿಕರಿಗೆ ಅಜ್ಟೆಕ್ ದೇವತೆ ಕೊಯೊಲ್‌ಶೌಕಿಯ ಭಾರೀ ಕಲ್ಲು ಸಿಕ್ಕಿತು. ಅದರ ಬೆನ್ನಿಗೇ ಅಲ್ಲಿನ ಮಹಾದೇಗುಲದ ಉತ್ಖನನ ನಡೆಯಿತು. ಪೋಲೆಂಡಿನ ಕ್ರಾಕೋವ್‌ನಲ್ಲಿ 1257ರಲ್ಲಿ ಹಾಕಿದ ಚೌಕದ ಅಡಿಗೇ ಇಳಿದು ಹಳೆಯ ಸಂತೆಯ ಅವಶೇಷಗಳ ನಡುವೆ ಓಡಾಡಬಹುದು, ಆ ವಸ್ತುಸಂಗ್ರಹಾಲಯ 2010ರಲ್ಲಿ ತೆರೆಯಿತು. ನೀವು ಹೋಗುವ ಊರಲ್ಲಿ ಇಂಥದ್ದು ಇದೆಯೇ ಎಂದು ವಿಚಾರಿಸಿ. ಮಳೆ ದಿನಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ.

ಗಡಿಯಾರ ಗೋಪುರದ ಕೆಳಗೆ ಎಲ್ಲರೂ ಕಾಯುತ್ತಾರೆ. ನಾನೂ ಕಾಯಬೇಕೇ?

ಒಂದು ಸಲ ಕಾಯಿರಿ. ಪ್ರಾಗ್‌ನ ಖಗೋಳ ಗಡಿಯಾರ 1410ರದ್ದು. ಗಂಟೆಗೊಮ್ಮೆ ಕಿಟಕಿ ತೆರೆದು ಗೊಂಬೆಗಳು ಸಾಗುವುದನ್ನು ನೋಡಲು ದೊಡ್ಡ ಗುಂಪೇ ಸೇರುತ್ತದೆ. ಗೊಂಬೆಗಳು ಒಳಗೆ ಹೋದ ಮರುಕ್ಷಣ ಗುಂಪು ಚದುರುತ್ತದೆ, ಆಗ ನೀವು ಮುಂದೆ ಹೋಗಿ ನಿಂತು ಮುಳ್ಳುಗಳನ್ನು ನೋಡಿ. ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಎಲ್ಲಿದ್ದಾನೆ ಎಂಬುದನ್ನೆಲ್ಲ ಅದು ತೋರಿಸುತ್ತದೆ, ನಮ್ಮ ಪಂಚಾಂಗ ಓದಿ ಗೊತ್ತಿದ್ದವರಿಗೆ ಬೇಗ ಅರ್ಥವಾಗುತ್ತದೆ. ಕ್ರಾಕೋವ್‌ನಲ್ಲಿ ಸೇಂಟ್ ಮೇರಿ ಚರ್ಚಿನ ಗೋಪುರದಿಂದ ಗಂಟೆಗೊಮ್ಮೆ ನಾಲ್ಕು ದಿಕ್ಕಿಗೂ ಕಹಳೆ ಊದುತ್ತಾರೆ, ಆ ರಾಗ ನಡುವೆಯೇ ತಟ್ಟನೆ ನಿಲ್ಲುತ್ತದೆ. ದಾಳಿಯ ಎಚ್ಚರಿಕೆ ಕೊಡುತ್ತಿದ್ದ ಕಹಳೆಗಾರನ ಗಂಟಲಿಗೆ ಬಾಣ ನಾಟಿದ್ದರಿಂದ ಹಾಗೆ ಎಂಬುದು ಊರಿನ ಐತಿಹ್ಯ.

ಸ್ವಿಟ್ಜರ್‌ಲೆಂಡಿನ ಬರ್ನ್ ನಗರದ ಗಡಿಯಾರ ಗೋಪುರದಲ್ಲಿ ಜನ ಮೇಲೆ ನೋಡುವಾಗ ನೀವು ಅದರ ಕಮಾನಿನ ಒಳಗೋಡೆ ನೋಡಿ. ಉದ್ದದ ಅಳತೆಗೋಲುಗಳನ್ನು ಅಲ್ಲಿ ಗೋಡೆಗೇ ಕೂರಿಸಿದ್ದಾರೆ. ಜರ್ಮನಿಯ ರೇಗೆನ್ಸ್‌ಬುರ್ಗ್‌ನ ಹಳೆಯ ಪುರಭವನದ ಬಾಗಿಲ ಬಳಿಯೂ ಇಂಥವಿವೆ. ಬಟ್ಟೆ ಕೊಂಡವರಿಗೆ ಅಳತೆಯಲ್ಲಿ ಮೋಸವಾಯಿತು ಅನ್ನಿಸಿದರೆ ಅಲ್ಲಿಗೇ ಬಂದು ಹಿಡಿದು ನೋಡಬಹುದಿತ್ತು.

ಚೌಕದ ಮೇಲೇ ಉಳಿಯಬೇಕೇ, ದೂರದಲ್ಲೇ?

ನಡೆದು ಹೋಗುವಷ್ಟು ಹತ್ತಿರ ಇರಲಿ, ಆದರೆ ಚೌಕಕ್ಕೇ ಮುಖ ಮಾಡಿದ ಕೋಣೆ ಬೇಡ. ಶನಿವಾರ ರಾತ್ರಿಯ ಗದ್ದಲ, ಕಾಲು ಗಂಟೆಗೊಮ್ಮೆ ಹೊಡೆಯುವ ಗಂಟೆ, ಜಾವದಲ್ಲಿ ಬರುವ ಕಸದ ಗಾಡಿ ಎಲ್ಲವೂ ಕಿಟಕಿಯ ಕೆಳಗೇ ಇರುತ್ತವೆ. ಒಂದು ಬೀದಿ ಹಿಂದೆ ಸರಿದರೆ ಸಾಕು. ಹಳೆಯ ಕಟ್ಟಡವಾದರೆ ಲಿಫ್ಟ್ ಇದೆಯೇ ಎಂದು ಮೊದಲೇ ಕೇಳಿ, ಮಂಡಿನೋವು ಇದ್ದವರು ಜೊತೆಗಿದ್ದರೆ ಇದನ್ನು ಮರೆಯಲೇಬೇಡಿ.

ಊಟಕ್ಕೆ?

ಇದಕ್ಕೂ ಅದೇ ಉತ್ತರ, ಒಂದು ಬೀದಿ ಹಿಂದೆ. ಮಧ್ಯಾಹ್ನ ಊರಿನ ಕಚೇರಿಗಳವರು ಎಲ್ಲಿ ಹೋಗುತ್ತಾರೋ ಅಲ್ಲಿ ಹೋಗಿ.

ಸ್ವಂತ ವಾಹನದಲ್ಲಿ ಹೋಗಬಹುದೇ?

ಹೋಗಬಹುದು, ಆದರೆ ಚೌಕದವರೆಗೆ ಬೇಡ. ಹೊರಗೆಲ್ಲಾದರೂ ನಿಲ್ಲಿಸಿ ನಡೆದು ಒಳಗೆ ಬನ್ನಿ. ಇಕ್ಕಟ್ಟಾದ ಬೀದಿಯಿಂದ ಬಯಲಿಗೆ ಕಾಲಿಡುವ ಆ ಕ್ಷಣವನ್ನು ಕಾರಿನ ಗಾಜಿನ ಹಿಂದೆ ಕಳೆದುಕೊಳ್ಳಬಾರದು.

ಕಾರು ಮತ್ತು ಚೌಕದ ಜಗಳ ಹಳೆಯದು. ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನಾ ನಗರವನ್ನು 1733ರಲ್ಲಿ ಜೇಮ್ಸ್ ಓಗಲ್‌ಥಾರ್ಪ್ ಚೌಕಗಳ ಸುತ್ತಲೇ ಹೆಣೆದ. ಊರು ಬೆಳೆದಂತೆ ಅವು 24ಕ್ಕೆ ಏರಿದವು. 1954ರಲ್ಲಿ ಎಲ್ಲಿಸ್ ಚೌಕದ ಮೇಲಿದ್ದ ಹಳೆಯ ಮಾರುಕಟ್ಟೆ ಕಟ್ಟಡವನ್ನು ಕಾರು ನಿಲ್ಲಿಸುವ ಗ್ಯಾರೇಜಿಗಾಗಿ ಕೆಡವಿದರು. ಆ ಸಂಕಟದಿಂದಲೇ ಮರುವರ್ಷ ಏಳು ಮಹಿಳೆಯರು ಸೇರಿ ಹಿಸ್ಟಾರಿಕ್ ಸವಾನಾ ಫೌಂಡೇಶನ್ ಕಟ್ಟಿದರು, ಉರುಳಬೇಕಿದ್ದ ಎಷ್ಟೋ ಮನೆಗಳು ಉಳಿದವು. ಐವತ್ತು ವರ್ಷಗಳ ನಂತರ ಆ ಗ್ಯಾರೇಜೇ ಉರುಳಿತು. ಕಾರುಗಳನ್ನು ನೆಲದಡಿಗೆ ಕಳಿಸಿ 2010ರಲ್ಲಿ ಚೌಕವನ್ನು ಮತ್ತೆ ಜನರಿಗೆ ಬಿಟ್ಟುಕೊಟ್ಟರು. ಈಗ ಅಲ್ಲಿ 22 ಚೌಕಗಳಿವೆ. ಕೋಪನ್‌ಹೇಗನ್ 1962ರಲ್ಲೇ ತನ್ನ ಮುಖ್ಯ ಅಂಗಡಿಬೀದಿ ಸ್ಟ್ರಾಯೆಟ್‌ನಿಂದ ಕಾರುಗಳನ್ನು ಹೊರಗಿಟ್ಟಿತು. ವ್ಯಾಪಾರ ಬಿದ್ದುಹೋಗುತ್ತದೆ ಎಂದು ಹೆದರಿದ್ದವರಿದ್ದರು, ಬೀದಿ ಮಾತ್ರ ಇವತ್ತಿಗೂ ಗಿಜಿಗುಟ್ಟುತ್ತಿದೆ.

ಮಕ್ಕಳು ಬೇಸರಪಡುವುದಿಲ್ಲವೇ?

ಕಟ್ಟಡ ತೋರಿಸಿ ಇಸವಿ ಹೇಳಿದರೆ ಖಂಡಿತ ಬೇಸರಪಡುತ್ತಾರೆ. ಹುಡುಕುವ ಕೆಲಸ ಕೊಡಿ. ಅತಿ ಹಳೆಯ ಇಸವಿ ಯಾರಿಗೆ ಸಿಗುತ್ತದೆ, ಗೋಡೆಗಳ ಮೇಲೆ ಎಷ್ಟು ಪ್ರಾಣಿಗಳಿವೆ, ಯಾವ ಮೆಟ್ಟಿಲು ಎಲ್ಲಕ್ಕಿಂತ ಸವೆದಿದೆ. ಮೆಟ್ಟಿಲ ನಡುವಿನ ಗುಳಿಯಲ್ಲಿ ಅಂಗೈ ಇಟ್ಟು ಇಷ್ಟು ಸವೆಯಲು ಎಷ್ಟು ಕಾಲು ಬೇಕಾಯಿತು ಎಂದು ಕೇಳಿದರೆ ಮಕ್ಕಳು ಕೊಡುವ ಉತ್ತರಗಳು ಕೇಳಲು ಚೆನ್ನ.

ವಯಸ್ಸಾದವರನ್ನು, ಗಾಲಿಕುರ್ಚಿಯವರನ್ನು ಕರೆದೊಯ್ಯಬಹುದೇ?

ಚೌಕ ಅವರಿಗೆ ಹೇಳಿ ಮಾಡಿಸಿದ ಜಾಗ, ಯಾಕೆಂದರೆ ಹೆಚ್ಚು ನಡೆಯದೆ ಹೆಚ್ಚು ನೋಡಬಹುದು. ತೊಂದರೆ ಇರುವುದು ಉರುಟು ಕಲ್ಲಿನ ಹಾಸಿನಲ್ಲಿ. ಗಾಲಿ ಕುಲುಕುತ್ತದೆ, ಕೋಲು ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಂಚಿನಲ್ಲಿ, ಅಂಗಡಿಸಾಲಿನ ಮುಂದೆ, ಸಾಮಾನ್ಯವಾಗಿ ಚಪ್ಪಟೆ ಕಲ್ಲು ಇರುತ್ತದೆ, ಅಲ್ಲೇ ಸಾಗಿ. ಶೌಚಾಲಯ ಎಲ್ಲಿದೆ ಎಂದು ಬಂದ ಕೂಡಲೇ ನೋಡಿಟ್ಟುಕೊಳ್ಳಿ. ಒದ್ದೆಯಾದ ಹಾಸುಗಲ್ಲು ಸಿಕ್ಕಾಪಟ್ಟೆ ಜಾರುತ್ತದೆ, ಆದ್ದರಿಂದ ನಿಮಗೂ ಅವರಿಗೂ ಸವೆಯದ ಅಟ್ಟೆಯ ಪಾದರಕ್ಷೆ ಬೇಕು.

ಗೈಡ್ ಬೇಕೇ?

ಶನಿವಾರ ಬೆಳಿಗ್ಗೆ ಒಂದೂವರೆ ಗಂಟೆಯ ಕಾಲ್ನಡಿಗೆ ಸುತ್ತಾಟ ಇದ್ದರೆ ಸೇರಿಕೊಳ್ಳಿ. ಊರಿನ ಸಂರಕ್ಷಣಾ ಸಂಘದವರು ಅಥವಾ ವಸ್ತುಸಂಗ್ರಹಾಲಯದವರು ನಡೆಸುವಂಥದ್ದಾದರೆ ಇನ್ನೂ ಒಳ್ಳೆಯದು. ಆಮೇಲೆ ನಿಮ್ಮ ಪಾಡಿಗೆ ನೀವು ಸುತ್ತಿ.

ಒಳ್ಳೆಯ ಫೋಟೊ ತೆಗೆಯುವುದು ಹೇಗೆ?

ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆ, ಮುಳುಗುವ ಮುಂಚಿನ ಒಂದು ಗಂಟೆ. ದೀಪ ಹೊತ್ತಿ ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುವ ಇಪ್ಪತ್ತು ನಿಮಿಷ. ಇಡೀ ಚೌಕವನ್ನು ಒಂದೇ ಚಿತ್ರಕ್ಕೆ ತುರುಕಲು ಹೋಗಬೇಡಿ, ಅದು ಎಲ್ಲರ ಬಳಿಯೂ ಇರುತ್ತದೆ. ನೀವು ಕೂತ ಕಟ್ಟೆಯಿಂದ ಒಂದೇ ಕಡೆಗೆ ಹಿಡಿದು ಬೇರೆ ಬೇರೆ ಹೊತ್ತಿಗೆ ನಾಲ್ಕು ತೆಗೆಯಿರಿ. ವ್ಯಾಪಾರ ಮಾಡುತ್ತಿರುವವರ, ಆಟ ತೋರಿಸುವವರ ಮುಖಕ್ಕೆ ಕೇಳದೆ ಕ್ಯಾಮೆರಾ ಹಿಡಿಯಬೇಡಿ. ಮೊರಾಕ್ಕೊ ದೇಶದ ಮರ್ರಕೇಶಿನ ಜೆಮಾ ಎಲ್-ಫ್ನಾ ಚೌಕದ ಕಥೆಗಾರರ ಮಾತಿನ ಪರಂಪರೆಯನ್ನು ಯುನೆಸ್ಕೊ 2001ರಲ್ಲಿ ಮಾನವಕುಲದ ಮೌಖಿಕ ಸಂಪತ್ತು ಎಂದು ಸಾರಿತು. ಭಾಷೆ ತಿಳಿಯದಿದ್ದರೂ ನಿಂತು ಕೇಳಿ, ಗೌರವದ ಕಾಣಿಕೆ ಕೊಟ್ಟು ಮುಂದೆ ಹೋಗಿ.

ಉತ್ಸವದ ಸಮಯಕ್ಕೆ ಹೋಗುವುದು ಒಳ್ಳೆಯದೋ, ಖಾಲಿ ಇದ್ದಾಗಲೋ?

ಮೊದಲ ಸಲ ಖಾಲಿ ಇದ್ದಾಗ. ಸಿಯೆನಾದಲ್ಲಿ ಜುಲೈ 2 ಮತ್ತು ಆಗಸ್ಟ್ 16ರಂದು ಕುದುರೆ ಪಂದ್ಯ ನಡೆಯುವಾಗ ಚೌಕದ ನೆಲ ಮಣ್ಣಿನಡಿ, ಜನರ ಕಾಲಡಿ ಮುಚ್ಚಿಹೋಗಿರುತ್ತದೆ. ಅದು ಬೇರೆಯೇ ಅನುಭವ. ಚೌಕದ ಪರಿಚಯವಾದ ಮೇಲೆ ಇನ್ನೊಮ್ಮೆ ಅದಕ್ಕೆಂದೇ ಹೋಗಿ.

ಒಬ್ಬರೇ ಹೋದರೆ ಮುಜುಗರ ಆಗುವುದಿಲ್ಲವೇ?

ಚೌಕದಲ್ಲಿ ಒಬ್ಬರೇ ಕೂತವರನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಜನರನ್ನು ನೋಡುತ್ತಾ ಕೂರುವುದೇ ಅಲ್ಲಿ ಕೆಲಸ. 1970ರ ದಶಕದಲ್ಲಿ ವಿಲಿಯಂ ವೈಟ್ ಎಂಬವರು ನ್ಯೂಯಾರ್ಕಿನ ಸಣ್ಣ ಚೌಕಗಳ ಮೇಲೆ ಕ್ಯಾಮೆರಾ ಇಟ್ಟು ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ ಎಂದು ಲೆಕ್ಕ ಹಾಕಿದರು. ಕೂರಲು ಜಾಗ ಇದ್ದಲ್ಲಿ ಜನ ಕೂರುತ್ತಾರೆ ಎನ್ನುವಷ್ಟು ಸರಳ ಸಂಗತಿಯೇ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಇನ್ನೊಂದು ಸಂಗತಿ: ಮಾತಿಗೆ ನಿಂತವರು ದಾರಿ ಬಿಟ್ಟು ಪಕ್ಕಕ್ಕೆ ಸರಿಯುವುದಿಲ್ಲ, ಓಡಾಟದ ನಟ್ಟನಡುವೆಯೇ ನಿಲ್ಲುತ್ತಾರೆ. ನಿಮ್ಮ ಕಟ್ಟೆಯ ಮೇಲೆ ಕೂತು ಪರೀಕ್ಷಿಸಿ ನೋಡಿ. ನಾನು ನೋಡಿದ ಪ್ರತಿ ಚೌಕದಲ್ಲೂ ಅದು ನಿಜವಾಗಿದೆ.

ಅಲ್ಲಿ ಏನಾದರೂ ಕೊಳ್ಳಬೇಕೇ?

ಕೊಳ್ಳಿ. ಇದನ್ನು ಒತ್ತಿ ಹೇಳುತ್ತೇನೆ. ಬರೀ ನೋಡಿ ಹೋಗುವವರಿಂದ ಹಳೆಯ ಚೌಕ ಉಳಿಯುವುದಿಲ್ಲ. ಬಾಡಿಗೆದಾರರಿಲ್ಲದ ಕಟ್ಟಡದ ಮಾಡು ಮೊದಲು ಸೋರುತ್ತದೆ, ಆಮೇಲೆ ತೊಲೆ ಕೊಳೆಯುತ್ತದೆ, ಕಡೆಗೆ ಒಂದು ದಿನ ಅಪಾಯಕಾರಿ ಎಂದು ಕೆಡವುತ್ತಾರೆ, ಅಂಗಡಿಸಾಲಿನಲ್ಲಿ ಹಲ್ಲು ಬಿದ್ದ ಹಾಗೆ ಒಂದು ಸಂದು ಉಳಿಯುತ್ತದೆ. ಹಳೆಯ ಕಟ್ಟಡಗಳನ್ನು ಉಳಿಸಲು ದುಡಿಯುವ ಅಮೆರಿಕದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ 1977ರಲ್ಲಿ ಗೇಲ್ಸ್‌ಬರ್ಗ್, ಮ್ಯಾಡಿಸನ್, ಹಾಟ್ ಸ್ಪ್ರಿಂಗ್ಸ್ ಎಂಬ ಮೂರು ಸಣ್ಣ ಪಟ್ಟಣಗಳಲ್ಲಿ ಪ್ರಯೋಗ ಶುರುಮಾಡಿದಾಗ ಹಿಡಿದದ್ದು ಇದೇ ಎಳೆಯನ್ನು: ಕಟ್ಟಡದ ರಿಪೇರಿ ಮತ್ತು ಅಂಗಡಿಯ ವ್ಯಾಪಾರ ಎರಡೂ ಜೊತೆಗೇ ಸಾಗಬೇಕು. 1980ರಲ್ಲಿ ಅದು ದೇಶವ್ಯಾಪಿ ಯೋಜನೆಯಾಯಿತು. ಆದ್ದರಿಂದ ಎಲ್ಲೆಡೆ ಸಿಗುವ ಫ್ರಿಜ್ ಮ್ಯಾಗ್ನೆಟ್ ಬಿಟ್ಟು, ಚೌಕದ ಮೇಲೆ ತಲೆಮಾರುಗಳಿಂದ ಅಂಗಡಿ ಇಟ್ಟವರ ಬಳಿ ನಿಮಗೆ ನಿಜಕ್ಕೂ ಉಪಯೋಗಕ್ಕೆ ಬರುವುದೊಂದನ್ನು ತೆಗೆದುಕೊಳ್ಳಿ. ಕೊಳ್ಳುವಾಗ ಈ ಕಟ್ಟಡದಲ್ಲಿ ಮುಂಚೆ ಏನಿತ್ತು ಎಂದು ಕೇಳಿ. ಆ ಒಂದು ಪ್ರಶ್ನೆಗೆ ನನಗೆ ಹಿಂದಿನ ಕೋಣೆಯ ಬಾಗಿಲು ತೆರೆದು ತೋರಿಸಿದವರಿದ್ದಾರೆ.

ಭಾನುವಾರ ಸಂಜೆ ಹೊರಡುವಾಗ ಏನು ಮಾಡಬೇಕು?

ರೈಲೋ ಬಸ್ಸೋ ಹತ್ತಿದ ಮೇಲೆ, ಫೋನು ತೆರೆಯುವ ಮುಂಚೆ, ಒಂದು ಹಾಳೆ ತೆಗೆದುಕೊಂಡು ಚೌಕವನ್ನು ನೆನಪಿನಿಂದ ಬಿಡಿಸಿ. ಚಿತ್ರ ಬರೆಯಲು ಬರಬೇಕಿಲ್ಲ. ನಾಲ್ಕು ಬದಿಗೆ ನಾಲ್ಕು ಗೆರೆ, ಅದರ ಮೇಲೆ ನೆನಪಾದ ಕಟ್ಟಡಕ್ಕೊಂದು ಡಬ್ಬಿ, ಬೀದಿ ಸೇರುವಲ್ಲಿ ಒಂದು ಸಂದು. ಆಮೇಲೆ ಫೋಟೊಗಳ ಜೊತೆ ಇಟ್ಟು ನೋಡಿ. ನಾನು ಮೊದಲ ಸಲ ಬಿಡಿಸಿದಾಗ ಮೂರು ಬದಿ ತುಂಬಿತ್ತು, ಪೂರ್ವದ ಗೆರೆಯ ಮೇಲೆ ಏನೂ ಇರಲಿಲ್ಲ. ಫೋಟೊಗಳಲ್ಲೂ ಆ ಬದಿ ಇರಲಿಲ್ಲ. ಎರಡೂ ದಿನ ಅದಕ್ಕೇ ಬೆನ್ನು ಕೊಟ್ಟು ಕೂತಿದ್ದೆ.